ಅಂಗಳಕ್ಕೊಂದು ರೆಂಜೆ: ಓದುಗರ ಪ್ರಶ್ನೆ, ತೋಟಗಾರರ ಉತ್ತರ

ಮನೆ ಮುಂದೆ ನೆರಳಿಗೂ ಚೆಂದಕ್ಕೂ ಆಗುವ ನಮ್ಮ ನೆಲದ ಮರ ಯಾವುದು ಎಂದು ಕೇಳಿ ಬಂದ ಪತ್ರಗಳಿಗೆ ಈ ಬಾರಿ ಒಟ್ಟಿಗೆ ಉತ್ತರಿಸುತ್ತಿದ್ದೇವೆ. ಹೆಚ್ಚಿನವು ರೆಂಜೆಯ ಸುತ್ತಲೇ ಇವೆ. ಬಕುಳ, ರಂಜಲು, ಪಗಡೆ ಮರ ಎಂದು ಬೇರೆ ಬೇರೆ ಊರಿನವರು ಬರೆದಿರುವುದೂ ಇದೇ ಮರದ ಬಗ್ಗೆ.

ಪ್ರಶ್ನೆ: ನಮ್ಮದು 30x40 ಸೈಟು. ಮನೆ ಪಶ್ಚಿಮಕ್ಕೆ ಮುಖ, ಮುಂದೆ ಒಂಬತ್ತು ಅಡಿ ಜಾಗ ಬಿಟ್ಟಿದ್ದೇವೆ. ಮಧ್ಯಾಹ್ನ ಮೂರಾದ ಮೇಲೆ ಹಾಲ್‌ನಲ್ಲಿ ಕೂರಲಾಗದಷ್ಟು ಧಗೆ. ನರ್ಸರಿಯವರು ಗುಲ್‌ಮೊಹರ್ ಹಾಕಿ, ಬೇಗ ನೆರಳಾಗುತ್ತದೆ ಅನ್ನುತ್ತಾರೆ. ನಮಗೆ ಇಲ್ಲಿನದೇ ಮರ ಬೇಕು, ಹೂವೂ ಇರಬೇಕು, ಕಾಂಪೌಂಡೂ ಉಳಿಯಬೇಕು. – ಓದುಗರು, ಮೈಸೂರು

ಉತ್ತರ: ಗುಲ್‌ಮೊಹರ್ ಮಡಗಾಸ್ಕರ್‌ನಿಂದ ಬಂದದ್ದು. ಬೇಗ ಬೆಳೆಯುತ್ತದೆ ಎನ್ನುವುದು ನಿಜ, ಆದರೆ ಬೇರು ಮೇಲ್ಮಣ್ಣಿನಲ್ಲೇ ಹರಡುತ್ತದೆ, ಕೊಂಬೆ ಗಾಳಿಗೆ ಮುರಿಯುತ್ತದೆ. ಒಂಬತ್ತು ಅಡಿಯ ಅಂಗಳಕ್ಕೆ ಬೇಡವೇ ಬೇಡ. ಹೊಂಗೆ ನಮ್ಮದೇ ಮರ, ಅದರಷ್ಟು ತಂಪಿನ ನೆರಳು ಸಿಗುವುದು ಕಷ್ಟ. ಆದರೆ ಅದು ಸುತ್ತಲೂ ಇಪ್ಪತ್ತೈದು, ಮೂವತ್ತು ಅಡಿ ಹರವಿಕೊಳ್ಳುತ್ತದೆ, ದೊಡ್ಡ ಅಂಗಳದವರಿಗೆ ಸರಿ. ಸಂಪಿಗೆ ನೆಟ್ಟಗೆ ಮೇಲಕ್ಕೆ ಹೋಗುತ್ತದೆ, ಕಿಟಕಿಯ ಮಟ್ಟಕ್ಕೆ ನೆರಳು ಕಡಿಮೆ. ಹೊಳೆದಾಸವಾಳದ ಹೂವಿನ ಮುಂದೆ ಬೇರೆ ಮಾತಿಲ್ಲ, ಆದರೆ ಬೇಸಿಗೆ ಶುರುವಾಗುವ ಹೊತ್ತಿಗೆ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತದೆ. ನಿಮಗೆ ನೆರಳು ಬೇಕಾದದ್ದೇ ಆಗ.

ರೆಂಜೆ ವರ್ಷವಿಡೀ ಹಸಿರು. ಎಲೆ ದಟ್ಟ, ಕಿರೀಟ ದುಂಡಗೆ, ಕತ್ತರಿಗೆ ಚೆನ್ನಾಗಿ ಬಗ್ಗುತ್ತದೆ. ಬೇರು ಗೋಡೆಗೆ ಕಾಟ ಕೊಡುವುದು ಕಡಿಮೆ. ಹೂವು ಸಣ್ಣದು, ಕೆನೆಬಣ್ಣದ ನಕ್ಷತ್ರದಂತಿರುತ್ತದೆ. ಬೆಳಿಗ್ಗೆ ತಾನಾಗಿ ಉದುರಿದ್ದನ್ನು ಆರಿಸಿ ದಾರಕ್ಕೆ ಪೋಣಿಸಬಹುದು, ಒಣಗಿದ ಮೇಲೂ ಪರಿಮಳ ಹೋಗುವುದಿಲ್ಲ. ಇದರ ದೊಡ್ಡ ಕುಂದು ನಿಧಾನ. ನೆಟ್ಟು ಐದು ವರ್ಷವಾದರೂ ನೀವು ಬಯಸುವಷ್ಟು ನೆರಳು ಸಿಗದಿರಬಹುದು. ಅಲ್ಲಿಯವರೆಗೆ ಕಿಟಕಿಯ ಮುಂದೆ ಚಪ್ಪರ ಹಾಕಿ ತೊಂಡೆಯನ್ನೋ ಬಸಳೆಯನ್ನೋ ಹಬ್ಬಿಸಿ. ಅವಸರಕ್ಕೆ ತಪ್ಪು ಮರ ಹಾಕಿ ಹತ್ತು ವರ್ಷದ ಮೇಲೆ ಕಡಿಸುವುದಕ್ಕಿಂತ ಇದು ಮೇಲು.

ಜಾಗ ಹೀಗೆ ನೋಡಿ: ಮನೆಗೋಡೆಯಿಂದ ಐದು ಅಡಿ, ಕಾಂಪೌಂಡಿನಿಂದ ನಾಲ್ಕು ಅಡಿ. ಸಂಪು, ಒಳಚರಂಡಿ ಪೈಪು ಹತ್ತು ಅಡಿ ದೂರವಿರಲಿ. ಬೇರು ಪೈಪನ್ನು ಒಡೆಯುವುದು ಅಪರೂಪ, ಸೋರುವ ಜಾಯಿಂಟ್ ಸಿಕ್ಕರೆ ಮಾತ್ರ ಒಳಗೆ ನುಗ್ಗದೆ ಬಿಡುವುದಿಲ್ಲ. ತಲೆಯ ಮೇಲೆ ವಿದ್ಯುತ್ ತಂತಿ ಇದ್ದರೆ ಅಲ್ಲಿ ಯಾವ ಮರವೂ ಬೇಡ.

ಸಸಿ ಆರಿಸುವಾಗ ಎತ್ತರಕ್ಕೆ ಮರುಳಾಗಬೇಡಿ. ಸಣ್ಣ ಚೀಲದಲ್ಲಿ ಆರಡಿ ಬೆಳೆದು ಕೋಲಿಗೆ ಕಟ್ಟಿಸಿಕೊಂಡು ನಿಂತ ಗಿಡಕ್ಕಿಂತ, ಕೋಲಿಲ್ಲದೆ ನಿಲ್ಲುವ ಎರಡಡಿಯ ಸಸಿ ಒಳ್ಳೆಯದು. ಒಂದು ಎಲೆ ಕಿತ್ತು ನೋಡಿ: ಅಂಚು ಅಲೆಅಲೆಯಾಗಿರಬೇಕು, ತೊಟ್ಟಿನಿಂದ ಬಿಳಿ ಹಾಲು ಒಸರಬೇಕು.

ಕೆಂಪು ಮಣ್ಣಿನಲ್ಲಿ ಎರಡಡಿ ಉದ್ದ, ಅಗಲ, ಆಳದ ಗುಂಡಿ ಸಾಕು. ಹೊಸ ಮನೆಗಳ ಮುಂದೆ ಅಗೆದರೆ ಮಣ್ಣಿಗಿಂತ ಇಟ್ಟಿಗೆಚೂರು, ಒಣಗಿದ ಸಿಮೆಂಟ್ ಗಾರೆಯೇ ಹೆಚ್ಚು ಸಿಗುತ್ತದೆ. ಅದನ್ನೆಲ್ಲ ಹೊರಗೆ ಹಾಕಿ. ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹತ್ತು ಕಿಲೋ, ಬೇವಿನ ಹಿಂಡಿ ಅರ್ಧ ಕಿಲೋ ಬೆರೆಸಿ ತುಂಬಿ. ಹಸಿ ಸಗಣಿ ಹಾಕಿದರೆ ಗೆದ್ದಲಿಗೂ ಗೊಣ್ಣೆಹುಳಕ್ಕೂ ಕರೆ ಕೊಟ್ಟಂತೆ. ಗುಂಡಿಯನ್ನು ಮೊದಲು ತುಂಬಿ, ನೀರು ಬಿಟ್ಟು, ಮಣ್ಣು ಕೂತ ಮೇಲೆ ನೆಡಿ. ಇಲ್ಲದಿದ್ದರೆ ಗಿಡ ಮಳೆಗೆ ಕುಸಿದು ಕಾಂಡದ ಬುಡ ಮಣ್ಣಿನಲ್ಲಿ ಹೂತುಹೋಗುತ್ತದೆ, ಅಲ್ಲಿಂದಲೇ ಕೊಳೆತ. ಚೀಲದಲ್ಲಿದ್ದ ಮಣ್ಣಿನ ಮಟ್ಟ ಮತ್ತು ಅಂಗಳದ ಮಟ್ಟ ಒಂದೇ ಆಗಿರಲಿ.

ಮೈಸೂರಿನ ಕಡೆ ಜೂನ್‌ನ ಮೊದಲೆರಡು ಹದ ಮಳೆ ಬಿದ್ದ ಮೇಲೆ ನೆಡಿ. ಮೊದಲ ಬೇಸಿಗೆಯಲ್ಲಿ ವಾರಕ್ಕೆರಡು ಸಲ ಹತ್ತು ಲೀಟರ್, ಎರಡನೆಯ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಇಪ್ಪತ್ತು ಲೀಟರ್ ನೀರು. ದಿನಾ ಒಂದು ಚೊಂಬು ಚಿಮುಕಿಸಿದರೆ ಬೇರು ಮೇಲೇ ಉಳಿಯುತ್ತದೆ, ನೀರು ತಪ್ಪಿದ ವಾರವೇ ಗಿಡ ಬಾಡುತ್ತದೆ. ಪಾತಿಯನ್ನು ವರ್ಷ ವರ್ಷ ಹೊರಕ್ಕೆ ಸರಿಸಿ. ತರಗೆಲೆ ಮೂರಿಂಚು ಹೊದಿಸಿ, ಕಾಂಡದ ಸುತ್ತ ನಾಲ್ಕು ಬೆರಳು ಜಾಗ ಬರಿದಾಗಿರಲಿ.

ಪ್ರಶ್ನೆ: ದೇವಸ್ಥಾನದ ಮರದ ಬುಡದಿಂದ ರಂಜಲು ಬೀಜ ಆರಿಸಿ ತಂದು ಒಂದಷ್ಟು ದಿನ ಡಬ್ಬಿಯಲ್ಲಿಟ್ಟು ಬಿತ್ತಿದೆವು. ಒಂದೂ ಮೊಳೆಯಲಿಲ್ಲ. ಕೊಂಬೆ ನೆಟ್ಟರೆ ಆಗುತ್ತದೆಯೇ? – ಓದುಗರು, ಶಿರಸಿ

ಉತ್ತರ: ಡಬ್ಬಿಯಲ್ಲಿಟ್ಟದ್ದೇ ಕಾರಣವಿರಬೇಕು. ಈ ಬೀಜ ಗಟ್ಟಿಯಾಗಿ ಮಿರಿಮಿರಿ ಮಿಂಚುತ್ತಾ ವರ್ಷಗಟ್ಟಲೆ ಇರುವಂತೆ ಕಂಡರೂ ಒಳಗಿನ ಜೀವ ಬೇಗ ಸೊರಗುತ್ತದೆ. ಬುಡದಲ್ಲಿ ಬಹಳ ದಿನದಿಂದ ಬಿದ್ದವುಗಳಲ್ಲಿ ಹುಳ ಕೊರೆದ ಸೂಜಿತೂತೂ ಇರುತ್ತದೆ. ಕಿತ್ತಳೆ ಬಣ್ಣಕ್ಕೆ ತಿರುಗಿದ ಹೊಸ ಹಣ್ಣನ್ನೇ ತನ್ನಿ. ತಿರುಳು ತಿನ್ನಬಹುದು, ಸ್ವಲ್ಪ ಒಗರು, ಹಿಟ್ಟುಹಿಟ್ಟು. ಬೀಜದ ಮೇಲೆ ತಿರುಳು ಉಳಿಯದಂತೆ ಬೂದಿ ಹಾಕಿ ಉಜ್ಜಿ ತೊಳೆಯಿರಿ, ಉಳಿದರೆ ಬೂಷ್ಟು ಬರುತ್ತದೆ, ಇರುವೆ ಮುತ್ತುತ್ತದೆ. ಒಂದು ದಿನ ನೀರಲ್ಲಿ ನೆನೆಸಿ, ತೇಲಿದವನ್ನು ಬಿಸಾಡಿ.

ಮರಳು ಒಂದು ಪಾಲು, ಮಣ್ಣು ಒಂದು ಪಾಲು, ಕಾಂಪೋಸ್ಟ್ ಒಂದು ಪಾಲು ಬೆರೆಸಿದ 6x9 ಇಂಚಿನ ಚೀಲಕ್ಕೆ ಎರಡೆರಡು ಬೀಜ, ಅಡ್ಡಡ್ಡ ಮಲಗಿಸಿ, ಅರ್ಧ ಇಂಚು ಆಳಕ್ಕೆ. ಚೀಲ ನೆರಳಲ್ಲಿರಲಿ, ಮಣ್ಣು ತೇವವಿರಲಿ, ಕೆಸರಾಗದಿರಲಿ. ಮೂರು ವಾರಕ್ಕೇ ಕೆಲವು ಏಳುತ್ತವೆ, ಕೆಲವಕ್ಕೆ ಎರಡು ಮೂರು ತಿಂಗಳೂ ಬೇಕು. ಒಂದೂವರೆ ತಿಂಗಳಿಗೇ ಬೇಸರವಾಗಿ ಚೀಲ ಕೊಡವಿ ಹಾಕುವವರೇ ಹೆಚ್ಚು.

ಕೊಂಬೆ ಬೇರು ಬಿಡುವುದು ಬಲು ಕಷ್ಟ. ಬೇಕಾದರೆ ಮಳೆಗಾಲದಲ್ಲಿ ಗೂಟಿ ಕಟ್ಟಿ, ಅಂದರೆ ಕೊಂಬೆ ಮರದಲ್ಲಿರುವಾಗಲೇ ಅದಕ್ಕೆ ಬೇರು ಬರಿಸಿ. ಪೆನ್ಸಿಲ್ ದಪ್ಪದ ಕೊಂಬೆಯಲ್ಲಿ ಒಂದಿಂಚು ಅಗಲಕ್ಕೆ ಸುತ್ತಲೂ ತೊಗಟೆ ತೆಗೆಯಿರಿ, ಒಳಗಿನ ಲೋಳೆಪೊರೆಯನ್ನೂ ಚಾಕುವಿನ ಬೆನ್ನಿನಿಂದ ಕೆರೆಯಿರಿ. ಹಾಲು ಸುರಿಯುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸುತ್ತಾ ಅದು ನಿಲ್ಲುವವರೆಗೆ ಕಾಯಿರಿ, ಆಮೇಲೆ ಬೇರು ಬರಿಸುವ ಪುಡಿ ಸವರಿ. ಹಾಲಿನ ಮೇಲೇ ಸವರಿದರೆ ಪುಡಿ ಅದರಲ್ಲೇ ಅಂಟಿ ಕೂರುತ್ತದೆ, ಮರಕ್ಕೆ ತಾಕುವುದಿಲ್ಲ. ಮೇಲೆ ನೆನೆಸಿ ಹಿಂಡಿದ ಪಾಚಿ ಇಟ್ಟು ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿ. ಹೊರಗಿನಿಂದ ಬೇರು ಕಂಡು, ಕಂದುಬಣ್ಣಕ್ಕೆ ತಿರುಗಿದ ಮೇಲಷ್ಟೇ ಕತ್ತರಿಸಿ.

ಪ್ರಶ್ನೆ: ಕಪ್ಪು ಮಣ್ಣಿನಲ್ಲಿ ಮೂರಡಿ ಗುಂಡಿ ತೆಗೆದು, ಹೊರಗಿನಿಂದ ಕೆಂಪು ಮಣ್ಣು, ಮರಳು ತಂದು ತುಂಬಿ ಬಕುಳ ನೆಟ್ಟೆವು. ಇಷ್ಟು ಆರೈಕೆ ಮಾಡಿದರೂ ಮಳೆ ಹಿಡಿದ ಮೇಲೆ ಎಲೆ ಹಳದಿಯಾಗಿ ಜೋತುಬಿದ್ದಿದೆ. – ಓದುಗರು, ಹುಬ್ಬಳ್ಳಿ

ಉತ್ತರ: ಆರೈಕೆಯೇ ಮುಳುವಾಗಿದೆ. ಎರೆಮಣ್ಣಿನ ನಡುವೆ ಮರಳು ತುಂಬಿದ ಗುಂಡಿ ಎಂದರೆ ಹೂತಿಟ್ಟ ಬಾನಿ. ಸುತ್ತಲಿನ ನೀರೆಲ್ಲ ಮರಳಿಗೆ ಇಳಿಯುತ್ತದೆ, ಎರೆಯ ಗೋಡೆ ಅದನ್ನು ಹೊರಗೆ ಬಿಡುವುದಿಲ್ಲ. ಬೇರಿಗೆ ಗಾಳಿಯಿಲ್ಲದೆ ಗಿಡ ನೀರಿನ ನಡುವೆಯೇ ಬಾಡುತ್ತದೆ. ಅನುಮಾನವಿದ್ದರೆ ಗಿಡದಿಂದ ಒಂದಡಿ ದೂರ ಕಬ್ಬಿಣದ ಸಲಾಕೆ ಇಳಿಸಿ ತೆಗೆಯಿರಿ. ತೂತಿನಲ್ಲಿ ನೀರು ನಿಂತರೆ, ಮಣ್ಣು ಕೊಳೆತ ಮೊಟ್ಟೆಯ ವಾಸನೆ ಹೊಡೆದರೆ ಕಾರಣ ಇದೇ.

ಗಿಡ ಇನ್ನೂ ಚಿಕ್ಕದಿದ್ದರೆ ಮಳೆ ಬಿಡುವು ಕೊಟ್ಟಾಗ ಹೆಂಟೆ ಸಮೇತ ಎತ್ತಿ. ಗುಂಡಿಯನ್ನು ಅಲ್ಲಿನದೇ ಎರೆಮಣ್ಣಿಗೆ ಕಾಲುಭಾಗ ಗೊಬ್ಬರ ಬೆರೆಸಿ ಮುಚ್ಚಿ. ಅದರ ಮೇಲೆ ಒಂದೂವರೆ ಅಡಿ ಎತ್ತರ, ಐದಾರು ಅಡಿ ಅಗಲದ ಏರು ಮಾಡಿ, ಗಿಡವನ್ನು ಏರಿನ ನೆತ್ತಿಯಲ್ಲಿ ನೆಡಿ. ನೀರು ಹೋಗಲು ಇಳಿಜಾರಿನ ಕಡೆಗೊಂದು ಕಾಲುವೆ ತೆಗೆಯಿರಿ.

ಮಳೆಗಾಲ ಕಳೆದ ಮೇಲೂ ಹಳದಿ ಉಳಿದರೆ ಯಾವ ಎಲೆ ಎಂದು ನೋಡಿ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಸುಣ್ಣದಂಶ ಹೆಚ್ಚಿರುವ ಎರೆಭೂಮಿಯಲ್ಲಿ ಇದು ಸಾಮಾನ್ಯ. ಲೀಟರ್ ನೀರಿಗೆ ಐದು ಗ್ರಾಂ ಫೆರಸ್ ಸಲ್ಫೇಟ್, ಒಂದು ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ, ಎರಡು ವಾರ ಬಿಟ್ಟು ಮತ್ತೊಮ್ಮೆ. ಕೆಳಗಿನ ಹಳೆಯ ಎಲೆಗಳು ಒಂದೊಂದೇ ಹಳದಿಯಾಗಿ ಉದುರುತ್ತಿದ್ದರೆ ಚಿಂತೆಯಿಲ್ಲ, ಅವುಗಳ ಆಯಸ್ಸು ಮುಗಿದಿದೆ ಅಷ್ಟೆ.

ಪ್ರಶ್ನೆ: ರೆಂಜೆಯ ತುದಿ ಎಲೆಗಳು ಬಲೆ ಕಟ್ಟಿ ಒಂದಕ್ಕೊಂದು ಅಂಟಿಕೊಂಡು ಕಂದಾಗುತ್ತಿವೆ. ಪಕ್ಕದ ಸಪೋಟ ಗಿಡಕ್ಕೂ ಹೀಗೇ ಆಗಿದೆ. – ಓದುಗರು, ತುಮಕೂರು

ಉತ್ತರ: ಎರಡೂ ಒಂದೇ ಕುಟುಂಬದ ಮರಗಳು, ಹುಳವೂ ಒಂದೇ: ಸಪೋಟದ ಎಲೆ ಹೆಣೆಯುವ ಹುಳ. ಗೊಂಚಲನ್ನು ಬಿಡಿಸಿ ನೋಡಿದರೆ ಬಲೆ ನಡುವೆ ಹಿಕ್ಕೆ, ಉದ್ದಗೆರೆಗಳಿರುವ ನಸುಗೆಂಪು ಮರಿಹುಳ ಸಿಗುತ್ತದೆ. ಎಲೆಯ ಹಸಿರನ್ನು ಕೆರೆದು ತಿಂದು ನರದ ಜಾಲರಿ ಉಳಿಸುತ್ತದೆ, ಮೊಗ್ಗನ್ನೂ ಕೊರೆಯುತ್ತದೆ. ಕೈಗೆಟುಕುವ ಗೊಂಚಲುಗಳನ್ನು ಕತ್ತರಿಸಿ ಸೋಪು ನೀರಿನ ಬಕೆಟ್‌ಗೆ ಹಾಕಿ. ಬುಡದಲ್ಲಿ ಬಿಟ್ಟರೆ ಮತ್ತೆ ಹತ್ತುತ್ತವೆ. ಉಳಿದದ್ದಕ್ಕೆ ಲೀಟರ್ ನೀರಿಗೆ ಐದು ಮಿಲಿ ಬೇವಿನೆಣ್ಣೆ, ಬೆರೆಯಲು ಸ್ವಲ್ಪ ಸೋಪು ಹಾಕಿ, ಹೊಸ ಚಿಗುರು ಬರುವಾಗ ಹತ್ತು ದಿನಕ್ಕೊಮ್ಮೆ ಸಿಂಪಡಿಸಿ. ಬಲೆ ಕಟ್ಟಿದ ಮೇಲೆ ಯಾವ ಔಷಧವೂ ಒಳಕ್ಕೆ ಇಳಿಯುವುದಿಲ್ಲ. ಸಪೋಟವನ್ನು ಬಿಟ್ಟು ರೆಂಜೆಗೆ ಮಾತ್ರ ಹೊಡೆದರೆ ಶ್ರಮ ದಂಡ.

ಪ್ರಶ್ನೆ: ಮರ ಆಳೆತ್ತರ ದಾಟಿ ಚೆನ್ನಾಗಿಯೇ ಇದೆ, ಹೂವು ಮಾತ್ರ ಇಲ್ಲ. ಪ್ರತಿ ವರ್ಷ ಸಂಕ್ರಾಂತಿ ಹೊತ್ತಿಗೆ ದುಂಡಗೆ ಕತ್ತರಿಸುತ್ತೇವೆ. – ಓದುಗರು, ದಾವಣಗೆರೆ

ಉತ್ತರ: ಹೂವನ್ನು ನೀವೇ ಕತ್ತರಿಸಿ ಹಾಕುತ್ತಿದ್ದೀರಿ. ಬೇಸಿಗೆಯ ಹೂವಿಗೆ ಬೇಕಾದ ತುದಿಕೊಂಬೆಗಳೆಲ್ಲ ಜನವರಿಯಲ್ಲೇ ಹೋದರೆ ಮರ ಚಿಗುರುವುದರಲ್ಲೇ ವರ್ಷ ಕಳೆಯುತ್ತದೆ. ಹೂವು ಮುಗಿದು ಮಳೆ ಶುರುವಾಗುವಾಗ ಸವರಿ, ಒಮ್ಮೆಗೆ ಹಸಿರಿನ ಮೂರನೇ ಒಂದು ಪಾಲಿಗಿಂತ ಹೆಚ್ಚು ತೆಗೆಯಬೇಡಿ. ಬೀಜದ ಗಿಡವಾದರೆ ಹೂವಿಗೆ ಆರೇಳು ವರ್ಷ ಹಿಡಿಯುವುದೂ ಉಂಟು. ಯೂರಿಯಾ ಹಾಕುತ್ತಿದ್ದರೆ ನಿಲ್ಲಿಸಿ.

ಪ್ರಶ್ನೆ: ಗೇಟಿನ ಪಕ್ಕದ ಹಳೆಯ ಬಕುಳದ ಬುಡಕ್ಕೆ ಕಾಂಡದವರೆಗೂ ಕಾಂಕ್ರೀಟ್ ಹಾಕಿದ್ದಾರೆ. ಈಗ ತುದಿಕೊಂಬೆ ಒಣಗುತ್ತಿದೆ. ಕಡಿಸುವುದೇ ಸರಿಯೇ? – ಓದುಗರು, ಬೆಂಗಳೂರು

ಉತ್ತರ: ಕಡಿಸುವ ಮೊದಲು ಕಾಂಕ್ರೀಟ್ ತೆಗೆಸಿ. ಕಾಂಡದ ಸುತ್ತ ಎಲ್ಲ ಕಡೆಗೂ ಎರಡಡಿಯಾದರೂ ಮಣ್ಣು ತೆರೆದಿರಲಿ. ಡ್ರಿಲ್ ಯಂತ್ರ ಬೇಡ, ಉಳಿ ಸುತ್ತಿಗೆಯಲ್ಲಿ ಚೂರುಚೂರಾಗಿ ಎಬ್ಬಿಸಿ, ತೊಗಟೆಗೆ ಪೆಟ್ಟಾಗಬಾರದು. ಗಟ್ಟಿಯಾದ ಮೇಲ್ಮಣ್ಣನ್ನು ಮೊನೆಗೋಲಿನಿಂದ ಸಡಿಲಿಸಿ ಎರಡಿಂಚು ಕಾಂಪೋಸ್ಟ್ ಹರಡಿ, ವಾರಕ್ಕೊಮ್ಮೆ ನಿಧಾನಕ್ಕೆ ನೀರು ಬಿಡಿ. ಒಣಗಿದ ತುದಿಯನ್ನು ಉಗುರಿನಿಂದ ಗೀರಿ ನೋಡಿ, ಹಸಿರು ಸಿಗುವಲ್ಲಿಗೆ ಕತ್ತರಿಸಿ. ಮುಂದಿನ ಮಳೆಗಾಲದ ಚಿಗುರು ನೋಡಿ ನಿರ್ಧರಿಸಿ. ಕಡಿಯಲೇಬೇಕಾದರೆ ಮರ ನಿಮ್ಮ ಅಂಗಳದ್ದೇ ಆದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕು. ಅರ್ಜಿ ಹಾಕಿ, ಅನುಮತಿ ಕೈಗೆ ಬಂದ ಮೇಲಷ್ಟೇ ಆಳು ಕರೆಸಿ.