ಗಿರ್ ಸಿಂಹ ಯಾರ ಮನೆಯ ಆಸ್ತಿ?

‘ಕಳೆದ ಸಂಚಿಕೆಯ ಗಿರ್ ಲೇಖನ ಓದಿದೆ. ಸಿಂಹಗಳು ಈಗ 891. ಗುಜರಾತಿನವರು ಇಷ್ಟು ಚೆನ್ನಾಗಿ ಸಾಕಿರುವಾಗ ಬೇರೆ ರಾಜ್ಯಕ್ಕೆ ಯಾಕೆ ಕೊಡಬೇಕು?’
— ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ: ಲೆಕ್ಕ ಸರಿಯಾಗಿದೆ ಸಾರ್, 2025ರ ಗಣತಿಯದ್ದೇ. ಜುನಾಗಢದ ನವಾಬರು ಬೇಟೆ ತಡೆದದ್ದು, ಅಲ್ಲಿ ದನ ಎಮ್ಮೆ ಸಾಕಿ ಬದುಕುವ ಮಾಲ್ಧಾರಿಗಳು ಎಮ್ಮೆ ಕಳೆದುಕೊಂಡರೂ ಸಹಿಸಿಕೊಂಡದ್ದು, ಎಲ್ಲದಕ್ಕೂ ಕೈಮುಗಿಯೋಣ. ಆದರೆ ‘ಸಾಕಿರುವಾಗ’ ಅಂದಿರಲ್ಲ, ನನ್ನ ತಕರಾರು ಅಲ್ಲೇ. ಅದೇನು ಕೊಟ್ಟಿಗೆಯ ಹಸುವೇ?

ನಮ್ಮಜ್ಜಿ ಬಿತ್ತನೆ ರಾಗಿಯನ್ನು ಎರಡು ಕಡೆ ಇಡುತ್ತಿದ್ದರು. ಒಂದು ಪಾಲು ನಮ್ಮ ವಾಡೆಯಲ್ಲಿ, ಇನ್ನೊಂದು ಮೂರು ಹರದಾರಿ ಆಚೆ ತವರಿನಲ್ಲಿ. ಒಂದು ಕಡೆ ಹುಳ ಬಿದ್ದರೂ ಇನ್ನೊಂದು ಕಡೆ ಉಳಿಯಲಿ ಅಂತ. ಅಷ್ಟೇ ವಿಷಯ!

ಗಿರ್‌ನಲ್ಲಿ ಹುಳ ಆಗಲೇ ಬಿದ್ದಿತ್ತು. ಈಗ ಅರ್ಧಕ್ಕಿಂತ ಜಾಸ್ತಿ ಸಿಂಹಗಳು ಅಭಯಾರಣ್ಯದ ಹೊರಗೆ, ಹೊಲ ತೋಟದ ಮಗ್ಗುಲಲ್ಲೇ ಓಡಾಡುತ್ತವೆ. ಹಳ್ಳಿಯಾಚೆ ಎಸೆದ ಸತ್ತ ದನಕ್ಕೆ ರಾತ್ರಿ ಸಿಂಹವೂ ಬರುತ್ತದೆ, ಬೀದಿನಾಯಿಯೂ ಬರುತ್ತದೆ. 2018ರಲ್ಲಿ ದಲ್‌ಖಾಣಿಯಾ ವಲಯದಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತವು, ಪರೀಕ್ಷೆ ಮಾಡಿದರೆ ನಾಯಿಗಳಿಗೆ ಬರುವ ಡಿಸ್ಟೆಂಪರ್ ವೈರಸ್ ಸಿಕ್ಕಿತು, ಲಸಿಕೆಯನ್ನು ಅಮೆರಿಕದಿಂದ ತರಿಸಬೇಕಾಯಿತು. ಇದೇ ರೋಗ 1994ರಲ್ಲಿ ಟಾಂಜಾನಿಯಾದ ಸೆರೆಂಗೆಟಿಯಲ್ಲಿ ಮೂರರಲ್ಲಿ ಒಂದು ಪಾಲು ಸಿಂಹಗಳನ್ನು ಕೊಂದಿತ್ತು. ಆಫ್ರಿಕಾದಲ್ಲಿ ಬೇರೆ ಕಾಡುಗಳಿದ್ದವು. ಏಷ್ಯಾದ ಕಾಡುಸಿಂಹಕ್ಕೆ ಇರುವುದು ಸೌರಾಷ್ಟ್ರ ಒಂದೇ.

ಬರ್ಡಾಕ್ಕೂ ಹೋಗಿವೆಯಲ್ಲ ಅನ್ನುತ್ತೀರೇನೋ. ಪೋರಬಂದರಿನ ಪಕ್ಕದ ಆ ಕಾಡಿಗೆ ಸಿಂಹ ತಾನೇ ನಡೆದು ಹೋಯಿತು. ಸಿಂಹ ನಡೆದು ಹೋಗುವಷ್ಟು ದೂರ ಕಾಯಿಲೆಗೆ ಒಂದು ದೂರವೇ?

ಸುಪ್ರೀಂ ಕೋರ್ಟ್ 2013ರ ಏಪ್ರಿಲ್‌ನಲ್ಲೇ ಹೇಳಿತ್ತು: ಆರು ತಿಂಗಳೊಳಗೆ ಮಧ್ಯಪ್ರದೇಶದ ಕುನೋಗೆ ಕೆಲವು ಸಿಂಹ ಕಳಿಸಿ ಅಂತ. ಒಂದೂ ಹೋಗಲಿಲ್ಲ. ‘ನಮ್ಮ ಹೆಮ್ಮೆ, ಕೊಡಲ್ಲ’ ಅನ್ನುವ ಗುಜರಾತಿನವರ ಮಾತೇ ಗೆದ್ದಿತು. ಸುಮ್ನೆ ಅವರನ್ನೊಬ್ಬರನ್ನೇ ಬೈಯುವುದು ಬೇಡ ಬಿಡಿ, ನದಿ ಆಗಲಿ ಆನೆ ಆಗಲಿ, ಗಡಿ ಕಲ್ಲು ನೋಡಿಕೊಂಡು ‘ನಮ್ಮದು’ ಅನ್ನುವ ಚಟ ನಮಗೂ ಇದೆ ಅಲ್ವಾ? ಸಿಂಹವನ್ನು ಲಾಂಛನದಲ್ಲಿ ಕೂರಿಸುವಾಗ ಮಾತ್ರ ಅದು ಇಡೀ ದೇಶದ್ದು.

ನನಗೆ ಹೊಟ್ಟೆ ಉರಿಯುವುದು ಕುನೋದ ಜನರ ವಿಷಯಕ್ಕೆ. ಸಿಂಹ ಬರುತ್ತದೆ ಅಂತ ಅಲ್ಲಿನ 24 ಹಳ್ಳಿಗಳನ್ನು ಎಬ್ಬಿಸಿದರು, ಜಾಸ್ತಿ ಸಹರಿಯಾ ಆದಿವಾಸಿಗಳೇ. ಅವರು ಗದ್ದೆ ಮನೆ ಬಿಟ್ಟು ಹೊರಗೆ ಬಂದು ವರ್ಷಗಟ್ಟಲೆ ಆಯಿತು. 2022ರಲ್ಲಿ ಆ ಕಾಡಿಗೆ ಬಂದದ್ದು ನಮೀಬಿಯಾದ ಚೀತಾ. ಅವರಲ್ಲೊಬ್ಬರು ‘ನಮ್ಮ ಸಿಂಹ ಎಲ್ಲಿ?’ ಅಂತ ಕೇಳಿದರೆ ಏನು ಹೇಳಬೇಕು, ಮುಂದಿನ ಪತ್ರದಲ್ಲಿ ನೀವೇ ಬರೆಯಿರಿ. ಪೂರ್ತಿ ಅಚ್ಚು ಹಾಕುತ್ತೇನೆ.