ಸಂಪಾದಕರ ಉತ್ತರ: ಆರು ನಮೂನೆ ವಿಮಾನ, ಆರು ನಮೂನೆ ಗೋಡೌನು

ಮಲ್ಪೆಯಿಂದ ಕೋಟ್ಯಾನ್ ಅಂತ ಒಬ್ರು ಓದುಗರು ಬರೆದಿದ್ದಾರೆ. ಮಿಗ್-21 ನಿವೃತ್ತಿ ಬಗ್ಗೆ ಹೋದ ಸಂಚಿಕೆಯಲ್ಲಿ ನಾನು ಗೀಚಿದ್ದು ಅವರಿಗೆ ಸರಿ ಕಾಣ್ಲಿಲ್ಲ. ಪತ್ರದ ಸಾರ ಇಷ್ಟು: "ಏರ್‌ಫೋರ್ಸಿಗೆ ಎರಡೋ ಮೂರೋ ನಮೂನೆ ಯುದ್ಧವಿಮಾನ ಸಾಕು ಅಂತ ಬರೆದಿದ್ದೀರಿ. ನನ್ನ ಅಣ್ಣನದ್ದು ಎರಡು ಬೋಟು. ಬೇಕಂತಲೇ ಎರಡಕ್ಕೂ ಬೇರೆ ಬೇರೆ ಕಂಪೆನಿ ಇಂಜಿನ್ ಹಾಕಿಸಿದ್ದಾನೆ. ಒಂದರ ಪಾರ್ಟ್ಸ್ ಬಾರದಿದ್ರೂ ಇನ್ನೊಂದು ಕಡಲಿಗೆ ಹೋಗ್ತದೆ. ಒಬ್ಬನನ್ನೇ ನಂಬಿ ಕೂತ್ರೆ ದೇಶದ ಗತಿ ಎಂತ? ಎಡಿಟರ್ ಆದವರು ಚೂರು ಯೋಚನೆ ಮಾಡಿ ಬರೀಬೇಕು."

ಕೋಟ್ಯಾನ್ರೇ, ಬೈದದ್ದು ಖುಷಿಯೇ ಆಯ್ತು. ಹೊಗಳಿ ಬರೆಯುವವರು ಸುಮಾರು ಜನ ಪತ್ರಿಕೆ ಓದಿಯೇ ಇರುದಿಲ್ಲ, ನೀವು ಓದಿದ್ದೀರಿ ಅಂತ ಗೊತ್ತಾಯ್ತು. ನಿಮ್ಮ ಮಾತಲ್ಲಿ ಹುರುಳುಂಟು, ಇಲ್ಲ ಅನ್ನುದಿಲ್ಲ. 2025ರ ಜನವರಿ 5ಕ್ಕೆ ಪೋರಬಂದರಿನಲ್ಲಿ ಕೋಸ್ಟ್‌ಗಾರ್ಡಿನ ಧ್ರುವ್ ಹೆಲಿಕಾಪ್ಟರ್ ಬಿದ್ದಾಗ ಸೇನೆ, ನೌಕಾಪಡೆ, ವಾಯುಪಡೆ, ಕೋಸ್ಟ್‌ಗಾರ್ಡ್ ನಾಲ್ಕರದ್ದೂ ಸೇರಿ ಮುನ್ನೂರಕ್ಕೂ ಹೆಚ್ಚು ಧ್ರುವ್ ತಿಂಗಳುಗಟ್ಟಲೆ ನೆಲ ಬಿಟ್ಟು ಏಳ್ಲಿಲ್ಲ. 1998ರಲ್ಲಿ ಪೋಖ್ರಾನ್ ಆದ ಮೇಲೆ ಅಮೆರಿಕದವರು ದಿಗ್ಬಂಧನ ಹಾಕಿದಾಗ ನೇವಿಯ ಸೀ ಕಿಂಗ್ ಹೆಲಿಕಾಪ್ಟರಿಗೆ ಪಾರ್ಟ್ಸ್ ಇಲ್ಲದೆ ಪರದಾಡಿದ್ದೂ ಹೌದು. ಈಗ ತೇಜಸ್ ಮಾರ್ಕ್-1ಎ ತಡ ಆದದ್ದಕ್ಕೆ ಒಂದು ದೊಡ್ಡ ಕಾರಣ ಅಮೆರಿಕದ ಇಂಜಿನ್ ಹೊತ್ತಿಗೆ ಸರಿಯಾಗಿ ಬಾರದ್ದೇ. ಒಪ್ಪಿದೆ.

ಆದ್ರೆ ಮಾರಾಯ್ರೆ, ನಿಮ್ಮ ಅಣ್ಣನದ್ದು ಎರಡು ಬೋಟು, ಎರಡು ಇಂಜಿನ್. ನಾಳೆ ಅವರದ್ದು ಹನ್ನೆರಡು ಬೋಟಾಗಿ, ಅದಕ್ಕೆ ಆರು ಕಂಪೆನಿಯ ಇಂಜಿನ್ ಹಾಕಿಸಿದ್ರೆ? ಆಗ ಧಕ್ಕೆಯಲ್ಲಿ ಬೋಟಿಗಿಂತ ಹೆಚ್ಚು ಮೆಕ್ಯಾನಿಕ್‌ಗಳು ನಿಂತಿರ್ತಾರೆ, ಅದರಲ್ಲೂ ಒಬ್ಬನಿಗೆ ಬರುದು ಇನ್ನೊಬ್ಬನಿಗೆ ಬರುದಿಲ್ಲ. ನಮ್ಮ ಏರ್‌ಫೋರ್ಸಿನ ಕತೆ ಅದು. 2025ರ ಸಪ್ಟೆಂಬರ್ 26ಕ್ಕೆ ಚಂಡೀಗಡದಲ್ಲಿ ಮಿಗ್-21ಕ್ಕೆ ವಿದಾಯ ಹೇಳಿದ ಮೇಲೆ ಉಳಿದದ್ದು 29 ಸ್ಕ್ವಾಡ್ರನ್ (ಅಂದ್ರೆ ಯುದ್ಧವಿಮಾನಗಳ ತಂಡ), ಇರಬೇಕಾದ್ದು 42. ಆ 29ರೊಳಗೆ ಸುಖೋಯ್-30, ರಫೇಲ್, ಮಿರಾಜ್-2000, ಜಾಗ್ವಾರ್, ಮಿಗ್-29, ತೇಜಸ್ ಅಂತ ಆರು ಜಾತಿ. ಒಂದೊಂದು ಜಾತಿಗೂ ಬೇರೆ ಇಂಜಿನ್, ಬೇರೆ ಸಿಮ್ಯುಲೇಟರ್, ಬೇರೆ ಟೂಲ್ಸು, ಬೇರೆ ಗೋಡೌನು. ಅಂಬಾಲದಲ್ಲಿ ಜಾಗ್ವಾರ್ ರಿಪೇರಿ ಕಲಿತ ಹುಡುಗನನ್ನು ಗ್ವಾಲಿಯರಿಗೆ ಕಳಿಸಿ ನಾಳೆ ಬೆಳಿಗ್ಗೆ ಮಿರಾಜಿನ ಬಾನೆಟ್ ತೆಗಿ ಅಂದ್ರೆ ಆಗುದಿಲ್ಲ.

ಮಿಗ್-21ನ್ನು ನಾವು ಬೈದದ್ದೇ ಬೈದದ್ದು. 1963ರಲ್ಲಿ ಬಂದದ್ದು 62 ವರ್ಷ ಹೇಗೆ ಬಾಳಿತು ಅಂತ ಯಾರೂ ಕೇಳ್ಲಿಲ್ಲ. ರಾಶಿ ರಾಶಿ ಇತ್ತಲ್ಲ, ಅದಕ್ಕೆ. ನಾಸಿಕ್‌ನ ಎಚ್‌ಎಎಲ್‌ನಲ್ಲಿ ನೂರಾರು ಮಾಡಿದ್ರು, ಯಾವ ವಾಯುನೆಲೆಗೆ ಹೋದ್ರೂ ಅದರ ನರನಾಡಿ ಗೊತ್ತಿದ್ದ ಒಬ್ಬ ಟೆಕ್ನಿಶಿಯನ್ ಸಿಗ್ತಿದ್ದ.

ನಿಮ್ಮ ಬೋಟಿನ ಕತೆಗೆ ನನ್ನದೂ ಒಂದು ಉಂಟು. ನಮ್ಮ ಪತ್ರಿಕೆಗೆ ಮೊದಲು ಸ್ವಂತ ಪ್ರೆಸ್ಸಿತ್ತು, ಕೆಳಗೆ ಮೂರು ಆಫ್‌ಸೆಟ್ ಮಷಿನು, ಮೂರೂ ಸೆಕೆಂಡ್‌ಹ್ಯಾಂಡ್, ಮೂರೂ ಮೂರು ದೇಶದ್ದು, ಕಡಿಮೆಗೆ ಸಿಕ್ಕಿದಾಗೆಲ್ಲ ತಂದದ್ದು ನಾನೇ. ದೀಪಾವಳಿ ವಿಶೇಷಾಂಕದ ಹೊತ್ತಿಗೆ ರಾತ್ರಿ ಹನ್ನೊಂದಕ್ಕೆ ಜಪಾನ್ ಮಷಿನಿನ ವಾಟರ್ ರೋಲರ್ ಕೈ ಕೊಟ್ಟಿತು. ಕಪಾಟಿನಲ್ಲಿ ಹಳೇ ಹೊಸ ಸೇರಿ ಹದಿನಾಲ್ಕು ರೋಲರ್ ಮಲಗಿತ್ತು. ನಮ್ಮ ಸಂಜೀವಣ್ಣ ಒಂದೊಂದನ್ನೇ ತೆಗೆದು ವರ್ನಿಯರ್ ಹಿಡಿದು ಅಳತೆ ಮಾಡ್ತಾ ಹೋದ್ರು, ಒಂದು ಉದ್ದ ಹೆಚ್ಚು, ಒಂದರ ಶಾಫ್ಟ್ ದಪ್ಪ, ಒಂದಂತೂ ಎಲ್ಲ ಸರಿ ಇದ್ದು ಬೇರಿಂಗ್ ಜಾಗದಲ್ಲಿ ಅರ್ಧ ಮಿಲಿಮೀಟರ್ ಕಡಿಮೆ. ಆ ಅರ್ಧ ಮಿಲಿಮೀಟರ್ ನೋಡಿ ಅವರು ನನ್ನ ಮುಖ ನೋಡಿದ್ರು, ಎಂತ ಹೇಳ್ಲಿಲ್ಲ. ಬೆಂಗಳೂರಿಂದ ರೋಲರ್ ನೈಟ್ ಬಸ್ಸಲ್ಲಿ ಬರುವಾಗ ಬಲಿಪಾಡ್ಯಮಿ ಕಳೆದಿತ್ತು, ವಿಶೇಷಾಂಕ ತುಳಸಿ ಪೂಜೆಗೆ ಹೊರಗೆ ಬಂತು, ಜಾಹೀರಾತು ಕೊಟ್ಟವರ ಹತ್ರ ತಿಂದ ಬೈಗುಳ ಈಗ ಬೇಡ. ಮರುವರ್ಷ ಎರಡು ಮಷಿನ್ ಗುಜರಿಗೆ ಹಾಕಿ, ಉಳಿದದ್ದರ ಜಾತಿಯದ್ದೇ ಇನ್ನೊಂದು ತಂದೆ.

ಗುಜರಿ ಅಂದಾಗ ನೆನಪಾಯ್ತು. ಜಾಗ್ವಾರನ್ನು ಫ್ರಾನ್ಸಿನವರು 2005ರಲ್ಲಿ, ಬ್ರಿಟನ್ನಿನವರು 2007ರಲ್ಲಿ ಮನೆಗೆ ಕಳಿಸಿದ್ರು. ಇಡೀ ಲೋಕದಲ್ಲಿ ಈಗ ಹಾರಿಸುವವರು ನಾವೊಬ್ರೇ, ಪಾರ್ಟ್ಸಿಗೆ ಫ್ರಾನ್ಸ್, ಒಮಾನ್‌ನವರು ಕಳಚಿಟ್ಟ ಹಳೇ ವಿಮಾನಗಳನ್ನು ತರಿಸಿಕೊಳ್ತೇವೆ. ಅದೇ ಫ್ರಾನ್ಸಿನವರು ಎಂತ ಮಾಡಿದ್ರು ನೋಡಿ, ವಾಯುಪಡೆ ನೌಕಾಪಡೆ ಎರಡರಲ್ಲೂ ಇದ್ದ ಏಳು ನಮೂನೆ ವಿಮಾನದ ಕೆಲಸವನ್ನು ರಫೇಲ್ ಒಂದಕ್ಕೇ ವಹಿಸಿದ್ರು. ನಾವು ಅದೇ ರಫೇಲನ್ನು ಆರಿಸಿ, 2007ರಲ್ಲಿ 126 ಬೇಕು ಅಂತ ಟೆಂಡರ್ ಕರೆದು, 2012ರಲ್ಲಿ ಇದೇ ಅಂತ ಹೇಳಿ, 2016ರಲ್ಲಿ ಸಹಿ ಹಾಕಿದ್ದು ಬರೀ 36ಕ್ಕೆ. ಮದುವೆಗೆ ಸಾವಿರ ಜನರನ್ನು ಕರೆದು ಮುನ್ನೂರು ಜನಕ್ಕೆ ಅಡಿಗೆ ಮಾಡಿದ ಹಾಗೆ. ಎರಡು ಸ್ಕ್ವಾಡ್ರನಿಗೆ ಒಂದು ಇಡೀ ಹೊಸ ಸಂಸಾರ ಹೂಡಿದ್ದು. 2025ರ ಏಪ್ರಿಲಿನಲ್ಲಿ ನೌಕಾಪಡೆಗೆ 26 ರಫೇಲ್-ಎಂ ತಗೊಳ್ಳುವ ಸಹಿ ಬಿತ್ತಲ್ಲ, ಅದಕ್ಕೆ ನಾನು ಚಪ್ಪಾಳೆ ಹೊಡೆದವನು.

ಅಮೆರಿಕದವರೂ ಇದರಲ್ಲಿ ಮುಗ್ಗರಿಸಿದ್ದಾರೆ ಅಂತ ನೀವು ಇನ್ನೊಂದು ಪತ್ರ ಬರೀಬಹುದು, ನಾನೇ ಹೇಳ್ತೇನೆ. 1960ರ ದಶಕದಲ್ಲಿ ಎಫ್-111 ಅಂತ ಒಂದನ್ನೇ ನೇವಿಗೂ ಏರ್‌ಫೋರ್ಸಿಗೂ ತೊಡಿಸ್ಲಿಕ್ಕೆ ಹೋಗಿ, ನೇವಿಯದ್ದು 1968ರಲ್ಲಿ ರದ್ದಾಯ್ತು, ಹಡಗಿಗೆ ಭಾರ ಆಯ್ತು ಅಂತ. ಆದ್ರೆ ಅದು ಒಂದು ಅಂಗಿಯನ್ನು ಇಬ್ಬರಿಗೆ ಹೊಲಿದ ತಪ್ಪು. ನಾನು ಹೇಳುದು ಹೊಲಿದು ಸರಿಯಾದ ಅಂಗಿಯನ್ನೇ ನಾಲ್ಕು ಜೊತೆ ತಗೊಳ್ಳಿ ಅಂತ.

ಯುದ್ಧವಿಮಾನ ಬಿಡಿ, ರೇಡಾರ್ ವಿಮಾನ ನೋಡಿ. ಫಾಲ್ಕನ್ ಅನ್ನುವ ರೇಡಾರ್ ಕೂತದ್ದು ರಷ್ಯಾದ ಐಎಲ್-76ರ ಬೆನ್ನ ಮೇಲೆ, ನೇತ್ರ ಅನ್ನುವ ನಮ್ಮದೇ ರೇಡಾರ್ ಕೂತದ್ದು ಬ್ರೆಜಿಲಿನ ಎಂಬ್ರೇಯರ್ ಮೇಲೆ, ಮುಂದಿನ ನೇತ್ರಕ್ಕೆ ಏರ್ ಇಂಡಿಯಾದಿಂದ ತಂದ ಏರ್‌ಬಸ್ 321. ಬೆರಳೆಣಿಕೆಯ ವಿಮಾನಕ್ಕೆ ಮೂರು ಮೈಕಟ್ಟು! ನೇವಿಯ ಕಡಲು ಕಾಯುವ ಪಿ-8ಐ ವಿಮಾನ ಮಾತ್ರ ಬೋಯಿಂಗ್ 737ರ ಮೈಯಲ್ಲಿ ಮಾಡಿದ್ದು, ಅಂದ್ರೆ ನಮ್ಮ ಬಜ್ಪೆಗೆ ದುಬೈಯಿಂದ ಜನ ತುಂಬಿಸಿಕೊಂಡು ಬರ್ತದಲ್ಲ, ಆ ಜಾತಿಯದ್ದೇ. ಅದನ್ನು ನೋಡಿಕೊಳ್ಳುವ ವಿದ್ಯೆ ಊರೂರಲ್ಲಿ ಉಂಟು.

ಬಜ್ಪೆಯ ಮಾತು ಬಂತಲ್ಲ, 1951ರ ಡಿಸೆಂಬರ್ 25ಕ್ಕೆ ಆ ನಿಲ್ದಾಣ ಶುರುವಾದಾಗ ನೆಹರೂ ಬಂದು ಇಳಿದದ್ದು ಡಗ್ಲಾಸ್ ಡಿಸಿ-3ರಲ್ಲಿ. ಅದರ ಸೈನ್ಯದ ಅವತಾರವೇ ಡಕೋಟಾ. 1947ರ ಅಕ್ಟೋಬರ್ 27ಕ್ಕೆ ಶ್ರೀನಗರಕ್ಕೆ ಸೈನಿಕರನ್ನು ಇಳಿಸಿದ್ದು ಆ ಡಕೋಟಾಗಳು. ಒಂದೇ ಮೈ, ಪ್ರಧಾನಿಗೂ ಆಯ್ತು, ಸಿಪಾಯಿಗೂ ಆಯ್ತು, ಅಕ್ಕಿ ಮೂಟೆಗೂ ಆಯ್ತು. 2018ರಲ್ಲಿ ರಿಪೇರಿ ಮಾಡಿಸಿ ಏರ್‌ಫೋರ್ಸಿಗೆ ಕೊಟ್ಟ ಹಳೇ ಡಕೋಟಾದ ಹೆಸರು ಪರಶುರಾಮ. ನಮ್ಮ ಪರಶುರಾಮ ಸೃಷ್ಟಿಯವರಿಗೆ ಇದು ಗೊತ್ತಿರ್ಬೇಕಿತ್ತು, ಎಷ್ಟು ಜನಕ್ಕೆ ಗೊತ್ತುಂಟೋ.

ನಂಗೆ ಬೇಜಾರು ಇನ್ನೊಂದುಂಟು. ನಮ್ಮಲ್ಲಿ ಪೈಲಟ್‌ಗೆ ಹಾರ, ಟೆಕ್ನಿಶಿಯನ್‌ಗೆ ಎಂತ ಇಲ್ಲ. ಬೆಳಗಾವಿಯ ಸಾಂಬ್ರಾದಲ್ಲಿ ಟ್ರೈನಿಂಗ್ ಮುಗಿಸಿ, ಇಪ್ಪತ್ತು ವರ್ಷ ಮರುಭೂಮಿಯಲ್ಲಿ ಇಂಜಿನ್ ತೊಳೆದು ಬಂದವರು ನಮ್ಮ ಕಾಪು, ಮುಲ್ಕಿ ಕಡೆ ಎಷ್ಟೋ ಜನ ಇದ್ದಾರೆ, ಅವರನ್ನು ಯಾವ ಸಭೆಗೂ ಕರೆದದ್ದು ನಾನು ನೋಡ್ಲಿಲ್ಲ. ಹೊಸ ಸಾಮಾನು ಬಂದ್ರೆ ರಿಬ್ಬನ್ ಕತ್ತರಿಸ್ಲಿಕ್ಕೆ ಮಂತ್ರಿ ಬರ್ತಾರೆ, ಪಾರ್ಟ್ಸ್ ಬಂದ್ರೆ ಯಾರು ಬರ್ತಾರೆ ಹೇಳಿ. ನಾನು ಹೋಗುವ ಒಂದು ಆಸ್ಪತ್ರೆಯಲ್ಲಿ ಮೂರು ಕಂಪೆನಿಯ ರಕ್ತ ಪರೀಕ್ಷೆ ಮಷಿನ್ ಉಂಟು, ಮೂರೂ ದಾನಿಗಳು ಕೊಟ್ಟದ್ದು, ಮೂರರ ಮೇಲೂ ದಾನಿಗಳ ಹೆಸರು ದೊಡ್ಡದಾಗಿ ಉಂಟು, ಒಂದರ ಕೆಮಿಕಲ್ ಇನ್ನೊಂದಕ್ಕೆ ಆಗುದಿಲ್ಲ, ಹಾಗಾಗಿ ಎರಡಕ್ಕೆ ಬೆಡ್‌ಶೀಟ್ ಹೊದೆಸಿದ್ದಾರೆ. ಸಿಸ್ಟರ್ ಹತ್ರ ಕೇಳಿದ್ರೆ ನಗ್ತಾರೆ.

ಧ್ರುವ್ ಬಗ್ಗೆ ಇನ್ನೊಂದು ಮಾತು ಬಿಟ್ಟುಹೋಯ್ತು. ನಾಲ್ಕು ಪಡೆಯದ್ದೂ ಒಟ್ಟಿಗೆ ನಿಂತದ್ದು ಹೌದು, ಆದ್ರೆ ಮೇಲೆ ತಿರುಗುವ ರೆಕ್ಕೆಗಳ ಓರೆ ಬದಲಿಸುವ ಸ್ವಾಶ್‌ಪ್ಲೇಟ್ ಮುರಿದದ್ದು ಅಂತ ಒಮ್ಮೆ ಗೊತ್ತಾದ ಮೇಲೆ ನಾಲ್ಕು ಪಡೆಯವರೂ ನೋಡ್ಬೇಕಾದ್ದು ಅದೇ ಪಾರ್ಟು, ಹೆಲಿಕಾಪ್ಟರ್ ಮಾಡಿದ ಕಾರ್ಖಾನೆ ಇಲ್ಲೇ ಬೆಂಗಳೂರಿನಲ್ಲಿ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮುಂದಿನ ವಾರ ಮಲ್ಪೆಗೆ ಬರುದುಂಟು. ನಿಮ್ಮ ಅಣ್ಣನ ಹತ್ರ ಮಾತಾಡ್ಲಿಕ್ಕಿಲ್ಲ, ಅವರ ಮೆಕ್ಯಾನಿಕ್ ಹತ್ರ ಉಂಟು, ಆ ಎರಡು ಇಂಜಿನಿಗೆ ಎಷ್ಟು ಪೆಟ್ಟಿಗೆ ಸಾಮಾನು ಇಟ್ಟುಕೊಂಡಿದ್ದಾನೆ ಅಂತ ಕೇಳ್ಲಿಕ್ಕೆ. ಮತ್ತೆ ಕೋಟ್ಯಾನ್ರೇ, ನಿಮ್ಮ ಚಂದಾ ಜೂನಿಗೇ ಮುಗಿದಿದೆ, ಪತ್ರಿಕೆ ಮಾತ್ರ ಬರ್ತಾ ಉಂಟು.