ಸಂಪಾದಕರ ಉತ್ತರ: ಗಟ್ಟಿಮೇಳಕ್ಕೆ ಕಿವಿ ಮುಚ್ಚಿಕೊಂಡ ಸೋದರಮಾವನಿಗೆ

ಮಾನ್ಯರೇ,

ಹೆಸರು ಪ್ರಕಟಿಸಬಾರದೆಂಬ ಸೂಚನೆಯೊಂದಿಗೆ ಮಂಡ್ಯದಿಂದ ನೀವು ಬರೆದ ಆರು ಪುಟಗಳ ಪತ್ರವನ್ನು ಎರಡು ಸಲ ಓದಿದೆ. ಉಳಿದ ಓದುಗರಿಗಾಗಿ ಅದರ ಸಾರವನ್ನು ಮೊದಲು ಹೇಳುತ್ತೇನೆ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ನೀವು, ಮೊಮ್ಮಗನನ್ನು ಮೈಸೂರಿಗೆ ಕರೆತಂದು ತೋರಿಸಿದಾಗ, ವೈದ್ಯರು ಮಗುವಿನ ಬಗ್ಗೆ ಕೇಳಿದ ಒಂದೊಂದು ಪ್ರಶ್ನೆಗೂ ಮನಸ್ಸಿನಲ್ಲೇ ನಿಮ್ಮ ಪರವಾಗಿ ‘ಹೌದು’ ಎಂದುಕೊಂಡಿರಿ. ಕೆಲವು ತಿಂಗಳ ಬಳಿಕ ಮನೋವೈದ್ಯರೊಬ್ಬರು ನಿಮ್ಮನ್ನೂ ಪರೀಕ್ಷಿಸಿ, ಮೊಮ್ಮಗನಿಗಿರುವ ಆಟಿಸಂ, ಎಂದರೆ ಜನರೊಡನೆ ಬೆರೆಯುವ, ಲೋಕವನ್ನು ಗ್ರಹಿಸುವ ಬಗೆಯೇ ಹುಟ್ಟಿನಿಂದ ಬೇರೆಯಾಗಿರುವ ಸ್ಥಿತಿ, ತಾತನಿಗೂ ಇದೆ ಎಂದರು. ಅಂದಿನಿಂದ ಬಂಧುಗಳು ಒಬ್ಬರ ಮೇಲೊಬ್ಬರು ಮನೆಮದ್ದು ಹೇಳುತ್ತಿದ್ದಾರೆ: ಬಜೆ ತೇಯ್ದು ನೆಕ್ಕಿ, ಅಶ್ವಗಂಧ ಕದಡಿ ಕುಡಿಯಿರಿ, ಒಂದೆಲಗ ಅರೆದು ತಿನ್ನಿ, ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಡಿ ಎಂದು. ಇವೆಲ್ಲದರ ಜೊತೆಗೆ, ಮೂರು ತಿಂಗಳಲ್ಲಿ ‘ಬಿಡಿಸಿಕೊಡುತ್ತೇನೆ’ ಎಂಬ ಭರವಸೆಯ ಮೇಲೆ ಹೆಸರಿಲ್ಲದ ಒಂದು ಪುಡಿಯೂ ಮನೆಗೆ ಬಂದಿದೆ. ಇವುಗಳಲ್ಲಿ ಯಾವುದನ್ನು ತೆಗೆದುಕೊಳ್ಳಲಿ, ಮುಂದಿನ ತಿಂಗಳು ಮೈಸೂರಿನ ಛತ್ರದಲ್ಲಿ ನಡೆಯುವ ತಂಗಿಯ ಮಗಳ ಮದುವೆಯನ್ನು ಹೇಗೆ ದಾಟಲಿ ಎಂದು ಕೇಳಿದ್ದೀರಿ. ಹೋದ ವರ್ಷ ಇನ್ನೊಂದು ಮದುವೆಯಲ್ಲಿ ಗಟ್ಟಿಮೇಳ ಶುರುವಾದೊಡನೆ ಕಿವಿ ಮುಚ್ಚಿಕೊಂಡು ಹೊರಗೆ ಓಡಿ, ಸ್ಕೂಟರುಗಳ ನಡುವೆ ಒಂದೂವರೆ ಗಂಟೆ ಕೂತಿದ್ದಿರಿ. ಮೇಷ್ಟ್ರಿಗೆ ಜಂಬ ಎಂದು ಜನ ಆಡಿಕೊಂಡರು.

ಅದು ಜಂಬವಲ್ಲ ಎಂಬುದನ್ನು ಈ ಪತ್ರಿಕೆಯ ಪುಟದ ಮೇಲೆ ಸ್ಪಷ್ಟವಾಗಿ ಬರೆಯಬೇಕೆಂದು ನನಗೆ ಅನಿಸಿತು. ಈ ಉತ್ತರ ಇಷ್ಟು ದೀರ್ಘವಾಗಲು ಅದೂ ಒಂದು ಕಾರಣ.

ಇಷ್ಟು ವಯಸ್ಸಾಗುವ ತನಕ ಯಾರಿಗೂ ಏಕೆ ತಿಳಿಯಲಿಲ್ಲ ಎಂದು ನೀವು ನೊಂದುಕೊಂಡಿದ್ದೀರಿ. ಅದರಲ್ಲಿ ನಿಮ್ಮ ತಂದೆತಾಯಿಯ ತಪ್ಪೇನೂ ಇಲ್ಲ. ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳನ್ನು ಕುರಿತು ಬರೆದ ಲೇಖನದಿಂದ ಈ ಸ್ಥಿತಿಗೆ ವೈದ್ಯಲೋಕದಲ್ಲಿ ಗುರುತು ಸಿಕ್ಕಿತಾದರೂ, ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಅದು ಪ್ರತ್ಯೇಕ ರೋಗನಿರ್ಣಯವಾಗಿ ಸೇರಿದ್ದು 1980ರಲ್ಲಿ, ಅದೂ ಎಳೆಯ ಮಕ್ಕಳ ಕಾಯಿಲೆ ಎಂಬ ಹೆಸರಿನಲ್ಲಿ. 1961ರಲ್ಲಿ ಹುಟ್ಟಿದ ನಿಮಗೆ ಆಗ ಹತ್ತೊಂಬತ್ತು ವರ್ಷ. ಶಬ್ದ, ಬೆಳಕು, ವಾಸನೆ, ಸ್ಪರ್ಶಗಳು ಅತಿಯಾಗಿ ತಾಕುವುದನ್ನು ಅಥವಾ ತಾಕದೇ ಹೋಗುವುದನ್ನು ಆ ಕೈಪಿಡಿ ಆಟಿಸಂನ ಲಕ್ಷಣಗಳಲ್ಲಿ ಸೇರಿಸಿದ್ದು 2013ರಲ್ಲಿ. ಆ ವೇಳೆಗೆ ನೀವು ಐವತ್ತು ದಾಟಿದ್ದಿರಿ. ನಮ್ಮ ದೇಶದ ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದು. ಅದು ಪಟ್ಟಿ ಮಾಡಿರುವ 21 ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಹೆಸರೇ ಇಲ್ಲದ ಕಾಲದಲ್ಲಿ ನೀವು ಬಾಲ್ಯವನ್ನು ಕಳೆದಿರಿ. ತಾತನಿಂದ ಮೊಮ್ಮಗನವರೆಗೆ ಅದು ಇಳಿದು ಬಂದಿರುವುದೂ ಅಚ್ಚರಿಯಲ್ಲ, ಏಕೆಂದರೆ ಇದರಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು.

ಈಗ ಮದ್ದಿನ ಮಾತು. ಆಟಿಸಂ ಅನ್ನು ‘ಬಿಡಿಸುವ’ ಬೇರು, ಪುಡಿ, ಕಷಾಯ ಯಾವುದೂ ಇಲ್ಲ. ನಿಮ್ಮ ಮಿದುಳು ಹುಟ್ಟಿದಂದಿನಿಂದ ಲೋಕವನ್ನು ಗ್ರಹಿಸುತ್ತಿರುವ ಬಗೆಯೇ ಅದಾದ್ದರಿಂದ, ಜ್ವರದಂತೆ ಇಳಿಸಬೇಕಾದದ್ದು ಅಲ್ಲಿ ಏನೂ ಇರುವುದಿಲ್ಲ. ಆದರೆ ನಿದ್ದೆಗೆಡುವುದು, ಮಲಬದ್ಧತೆ, ಕಿವಿನೋವು, ಸಂಜೆಯ ಹೊತ್ತಿನ ದಣಿವು ಇವೆಲ್ಲ ಬೇರೆಯವೇ ತೊಂದರೆಗಳು. ಅವುಗಳಿಗೆ ಮನೆಯಲ್ಲಿ ಮಾಡಿಕೊಳ್ಳಬಹುದಾದದ್ದು ಬಹಳಷ್ಟಿದೆ. ಆದ್ದರಿಂದ ಯಾರಾದರೂ ಮದ್ದು ಹೇಳಿದಾಗ, ಇದು ನನ್ನ ಯಾವ ತೊಂದರೆಗೆ ಎಂದು ಕೇಳಿ. ಅದಕ್ಕೆ ಉತ್ತರ ಬರದಿದ್ದರೆ ಆ ಮದ್ದು ಬೇಡ.

ಆ ಅಳತೆಯಲ್ಲಿ ಹೆಸರಿಲ್ಲದ ಪುಡಿ ಮೊದಲು ಮನೆಯಿಂದ ಹೊರಹೋಗಬೇಕು. ಇಂಥ ಪುಡಿಗಳಲ್ಲಿ ಸೀಸ, ಪಾದರಸ, ಸ್ಟೀರಾಯ್ಡ್ ಸಿಕ್ಕಿರುವ ಉದಾಹರಣೆಗಳಿವೆ. ಬಜೆಯನ್ನು ಹಸುಗೂಸಿಗೂ ತೇಯ್ದು ನೆಕ್ಕಿಸುವ ರೂಢಿ ನಮ್ಮಲ್ಲಿರುವುದರಿಂದ ಅದರ ಬಗ್ಗೆ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಅದರಲ್ಲಿರುವ ಬೀಟಾ-ಅಸರೋನ್ ಎಂಬ ಅಂಶ ಪ್ರಯೋಗದ ಇಲಿಗಳಲ್ಲಿ ಗಡ್ಡೆಗಳನ್ನು ತಂದಿದ್ದರಿಂದ ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿತು. ಅಶ್ವಗಂಧ, ಎಂದರೆ ನಮ್ಮ ಹಿರೇಮದ್ದು, ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ಕೆಲವರಲ್ಲಿ ಯಕೃತ್ತಿಗೆ ಪೆಟ್ಟು ಕೊಟ್ಟಿರುವುದೂ ವರದಿಯಾಗಿದೆ. ಥೈರಾಯ್ಡ್ ಮಾತ್ರೆ ನುಂಗುತ್ತಿರುವ ನೀವು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬೇಡಿ. ಒಂದೆಲಗವನ್ನು ತಂಬುಳಿಯಾಗಿಯೋ ಚಟ್ನಿಯಾಗಿಯೋ ಊಟದಲ್ಲಿ ಧಾರಾಳವಾಗಿ ತಿನ್ನಿ, ರುಚಿ ಹಿಡಿಸಿದರೆ ಮಾತ್ರ. ಅದನ್ನು ಔಷಧವೆಂದು ಮೂಗು ಹಿಡಿದು ನುಂಗಬೇಕಾದ ಅಗತ್ಯವಿಲ್ಲ. ಬಂಧುಗಳ ಪಟ್ಟಿಯಲ್ಲಿ ಇಲ್ಲದಿದ್ದರೂ ಹೇಳಿಬಿಡುತ್ತೇನೆ: ಕರ್ಪೂರ ಮತ್ತು ನೀಲಗಿರಿ ಎಣ್ಣೆ ಹೊಟ್ಟೆಗೆ ಹೋದರೆ ಸೆಳವು ತರಿಸಬಲ್ಲವು, ಮೂರ್ಛೆರೋಗ ಆಟಿಸಂ ಇರುವವರಲ್ಲಿ ಉಳಿದವರಿಗಿಂತ ಹೆಚ್ಚು.

ನೀವು ಯಾರ ಸಲಹೆಯೂ ಇಲ್ಲದೆ ಮಾಡಿಕೊಂಡ ಒಂದು ಮದ್ದು ಪತ್ರದ ನಾಲ್ಕನೆಯ ಪುಟದಲ್ಲಿ ಅರ್ಧ ಸಾಲಿನಲ್ಲಿ ಬಂದು ಹೋಗಿದೆ. ದಿನವಿಡೀ ಜ್ಯೇಷ್ಠಮಧುವಿನ ಕಡ್ಡಿ ಬಾಯಲ್ಲಿರುತ್ತದೆ, ಅಗಿಯುತ್ತಿದ್ದರೆ ಮನಸ್ಸು ನಿಲ್ಲುತ್ತದೆ ಎಂದಿದ್ದೀರಿ. ನನ್ನನ್ನು ಅತಿ ಹೆಚ್ಚು ಚಿಂತೆಗೆ ಈಡುಮಾಡಿದ ಸಾಲು ಅದು. ಜ್ಯೇಷ್ಠಮಧುವಿನ ಗ್ಲಿಸಿರೈಜಿನ್ ದಿನವೂ ದೇಹ ಸೇರುತ್ತಿದ್ದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಬಿ.ಪಿ. ಮಾತ್ರೆಯ ಪ್ರಮಾಣವನ್ನು ಒಂದು ವರ್ಷದಲ್ಲಿ ಎರಡು ಸಲ ಏರಿಸಿದ್ದಾರೆಂದು ನೀವೇ ಬರೆದಿದ್ದೀರಿ. ಈ ಕಡ್ಡಿಯ ವಿಷಯವನ್ನು ನಿಮ್ಮ ವೈದ್ಯರಿಗೆ ಈ ವಾರವೇ ತಿಳಿಸಿ. ಆದರೆ ಅಗಿಯುವುದನ್ನು ಬಿಡಬೇಡಿ. ಅಗಿಯುವಾಗ ದವಡೆಗೆ ಬೀಳುವ ಒತ್ತು ನಿಮ್ಮನ್ನು ಸಮಾಧಾನಪಡಿಸುತ್ತಿದೆ, ಆ ಬೇರಿನ ಗುಣವಲ್ಲ. ಒಣಕೊಬ್ಬರಿಯ ಚೂರು, ಹುರಿದ ಕಡಲೆ, ಸೋಂಪು ಇವುಗಳಲ್ಲಿ ನಿಮ್ಮ ಹಲ್ಲಿಗೆ ಒಪ್ಪುವುದನ್ನು ಆರಿಸಿಕೊಳ್ಳಿ. ಅಡಿಕೆಗೆ ಮಾತ್ರ ಹೋಗಬೇಡಿ. ಅದು ಬಾಯಿಯ ಕ್ಯಾನ್ಸರಿಗೆ ದಾರಿ.

ಕಿವಿಗೆ ಎಣ್ಣೆ ಬಿಡುವುದು ಬೇಡ, ತಮಟೆಯಲ್ಲಿ ತೂತಿದ್ದರೆ ಸೋಂಕು ಒಳಗೆ ಇಳಿಯುತ್ತದೆ. ಅದರ ಬದಲು ಮೈಸೂರಿಗೆ ಬಂದಾಗ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಿ. 1965ರಿಂದ ಕೆಲಸ ಮಾಡುತ್ತಿರುವ ಆ ಸಂಸ್ಥೆ ನಮ್ಮ ಮಗ್ಗುಲಲ್ಲೇ ಇದ್ದರೂ, ಅದು ಮಕ್ಕಳಿಗೆ ಮಾತ್ರ ಎಂದು ಭಾವಿಸಿರುವ ಹಿರಿಯರು ಅನೇಕರಿದ್ದಾರೆ. ‘ಕಿವಿ ಮಂದವಾಗುತ್ತಿದೆ, ಆದರೂ ಶಬ್ದ ಮೊದಲಿಗಿಂತ ಹೆಚ್ಚು ಚುಚ್ಚುತ್ತದೆ, ಇದು ಹೇಗೆ ಸಾಧ್ಯ?’ ಎಂಬ ನಿಮ್ಮ ಪ್ರಶ್ನೆಗೆ ಅಲ್ಲಿ ವಿವರವಾದ ಉತ್ತರ ಸಿಗುತ್ತದೆ. ವಯಸ್ಸಿನೊಂದಿಗೆ ಒಳಗಿವಿಯ ಸೂಕ್ಷ್ಮ ಕೋಶಗಳು ಸವೆದಾಗ ಮೆಲುದನಿ ಕೇಳದಾಗುತ್ತದೆ, ಆದರೆ ದನಿ ಒಂದು ಮಟ್ಟವನ್ನು ದಾಟಿದೊಡನೆ ಸರ್ರನೆ ಏರಿದಂತೆ ಕೇಳಿಸುತ್ತದೆ. ಆಟಿಸಂನ ಸೂಕ್ಷ್ಮತೆಯ ಮೇಲೆ ಇದು ಸೇರಿಕೊಂಡಾಗ ಸ್ಟೀಲ್ ತಟ್ಟೆ ಬಿದ್ದ ಸದ್ದೂ ಏಟಿನಂತೆ ತಾಕುತ್ತದೆ. ಬ್ಯಾಂಕಿನ ಬೆಳಕು ಕಣ್ಣಿಗೆ ಇರಿಯುತ್ತದೆ ಎಂದದ್ದೂ ಹೀಗೆಯೇ. ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ಹಳದಿಗಟ್ಟಿದ ಮಸೂರ ಹೋಗಿ ತಿಳಿಯಾದ ಮಸೂರ ಬಂದ ಮೇಲೆ ಬೆಳಕು, ಅದರಲ್ಲೂ ನೀಲಿ ಅಂಶ, ಹೆಚ್ಚಾಗಿ ಒಳಗೆ ಬರುತ್ತದೆ. ಹಳೆಯ ಚೋಕ್ ಇರುವ ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಬಹಳ ಜನರಿಗೆ ಕಾಣದ ಆ ಮಿನುಗು ಕೆಲವರ ತಲೆಯನ್ನು ಸಿಡಿಸುತ್ತದೆ. ಹಗಲಿನ ಬೆಳಕು ಬೀಳುವ ಕೌಂಟರಿಗೆ ಹೋಗಿ, ಮುಂಚಾಚಿದ ಟೋಪಿ ಧರಿಸಿ, ಯಾರು ಏನೆಂದುಕೊಂಡರೂ ಸರಿ.

ಇಲ್ಲಿ ನನ್ನ ಚಿಕ್ಕಪ್ಪನ ಮಾತು ಹೇಳಬೇಕು. ಪಾಂಡವಪುರದ ಕಡೆಯ ಹಳ್ಳಿಯಲ್ಲಿದ್ದ ಅವರನ್ನು ಊರೆಲ್ಲ ‘ಅವನೊಂಥರಾ’ ಎನ್ನುತ್ತಿತ್ತು. ಆಲೆಮನೆಯಲ್ಲಿ ಬೆಲ್ಲ ಕಾಯುವ ವಾಸನೆ ಬಂದರೆ ಊಟ ಬಿಡುತ್ತಿದ್ದರು. ಚೈತ್ರದ ಸೆಕೆಯಲ್ಲೂ ಎರಡು ಕಂಬಳಿಗಳ ಭಾರವಿಲ್ಲದೆ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ, ಆದರೆ ಉಣ್ಣೆಯ ಚುಚ್ಚನ್ನು ಅವರ ಮೈ ತಾಳುತ್ತಿರಲಿಲ್ಲ. ಆಗ ನನ್ನ ಅಜ್ಜಿ ಸವೆದು ಮೆತ್ತಗಾಗಿದ್ದ ತನ್ನ ಹಳೆಯ ನೂಲಿನ ಸೀರೆಯೊಂದನ್ನು ಕಂಬಳಿಯ ಒಳಮೈಗೆ ಹೊಲಿದುಕೊಟ್ಟರು. ಅಜ್ಜಿಗೆ ಆಟಿಸಂ ಎಂಬ ಪದ ಗೊತ್ತಿರಲಿಲ್ಲ. ಮಗನ ಮೈಗೆ ಭಾರ ಬೇಕು, ಚುಚ್ಚು ಬೇಡ ಎಂಬುದು ಗೊತ್ತಿತ್ತು. ಇಂದು ಭಾರದ ಹೊದಿಕೆ ಎಂದು ಸಾವಿರಾರು ರೂಪಾಯಿಗೆ ಮಾರುವುದನ್ನು ಅವರು ಐವತ್ತು ವರ್ಷಗಳ ಹಿಂದೆ ಸೂಜಿದಾರದಲ್ಲಿ ಮಾಡಿದ್ದರು. ನೀವೂ ಹಾಗೆ ಹೊಲಿಸಿಕೊಳ್ಳಬಹುದು, ನಿಮ್ಮ ಕೈಯಿಂದಲೇ ಸುಲಭವಾಗಿ ಸರಿಸಲು ಆಗುವಷ್ಟು ಭಾರವಿದ್ದರೆ ಸಾಕು. ಶನಿವಾರದ ಎಣ್ಣೆಸ್ನಾನದಲ್ಲೂ ಇದೇ ಗುಟ್ಟಿದೆ: ಹಗುರವಾಗಿ ಸವರಿದರೆ ಮೈ ಜುಮ್ಮೆಂದು ಸಿಡಿಮಿಡಿಯಾಗುವವರಿಗೆ ಅಂಗೈಯಿಂದ ಗಟ್ಟಿಯಾಗಿ ಒತ್ತಿ ನೀವಿದರೆ ಹಿತವಾಗುತ್ತದೆ. ಬಚ್ಚಲಿನಲ್ಲಿ ಜಾರದಂತೆ ಮಣೆ ಹಾಕಿ ಕುಳಿತೇ ಸ್ನಾನ ಮಾಡಿ.

ದಿನವೂ ಎರಡು ಹೊತ್ತು ಮುದ್ದೆಯನ್ನೇ ಉಣ್ಣುತ್ತೀರೆಂದು ನಿಮ್ಮ ಮನೆಯವರು ಬೇಸರಪಟ್ಟುಕೊಂಡಿದ್ದಾರಂತೆ. ನಾಲಗೆಗೆ ಒಂದೇ ಹದವಾಗಿ ಸಿಕ್ಕಿ, ಅಗಿಯದೆ ನುಣ್ಣಗೆ ಇಳಿಯುವ, ನಿನ್ನೆಯಂತೆಯೇ ಇವತ್ತೂ ಇರುವ ಊಟ ಅದು. ಸಾರು ಬದಲಾಗುತ್ತಿರಲಿ, ಮುದ್ದೆ ಹಾಗೇ ಇರಲಿ. ನೀರಿನ ವಿಷಯದಲ್ಲಿ ಮಾತ್ರ ಮೈಯನ್ನು ನಂಬಬೇಡಿ. ಆಟಿಸಂ ಇರುವ ಅನೇಕರಿಗೆ ಹಸಿವು, ಬಾಯಾರಿಕೆ, ಮೂತ್ರದ ಒತ್ತಡ ಹೊತ್ತಿಗೆ ಸರಿಯಾಗಿ ತಿಳಿಯುವುದಿಲ್ಲ. ವಯಸ್ಸಾದಂತೆ ಬಾಯಾರಿಕೆ ಇನ್ನೂ ಮಂಕಾಗುತ್ತದೆ. ನಿಮ್ಮ ಮಲಬದ್ಧತೆಗೆ ಅರ್ಧ ಕಾರಣ ಇದೇ ಇರಬಹುದು. ಬಾಯಾರಿದಾಗ ಎನ್ನದೆ ಗಡಿಯಾರ ನೋಡಿ ಚೆಂಬು ಖಾಲಿ ಮಾಡಿ. ಸಂಜೆಯ ಜೀರಿಗೆ ಕಷಾಯ ದಿನವೂ ಅದೇ ಲೋಟದಲ್ಲಿ, ಅದೇ ಹೊತ್ತಿಗೆ ಬರಲಿ. ನಾನು ಮನಸಾರೆ ಒಪ್ಪುವ ಮನೆಮದ್ದು ಅದು.

ಮಿಕ್ಸಿ ತಿರುಗಿಸುವ ಮುನ್ನ ಒಂದು ಮಾತು ಹೇಳುವಂತೆ ಸೊಸೆಯನ್ನು ಕೇಳಿ, ಮಡಿಸಿದ ದಪ್ಪ ಬಟ್ಟೆಯ ಮೇಲೆ ಅದನ್ನು ಇಡಿಸಿ. ದೇವರಮನೆಯ ಊದುಬತ್ತಿ ತಲೆನೋವು ತರುತ್ತದೆ ಎಂದು ಇಷ್ಟು ವರ್ಷ ಹೇಳಲಾರದೆ ಇದ್ದಿರಲ್ಲ, ಅದನ್ನೂ ಈಗ ಹೇಳಿ. ಊದುಬತ್ತಿಗೆ ಹೆಸರಾದ ಊರಿನಲ್ಲಿ ಕುಳಿತೇ ಇದನ್ನು ಬರೆಯುತ್ತಿದ್ದೇನೆ. ದೀಪ, ಹೂವು ಇದ್ದರೆ ಪೂಜೆಗೆ ಕೊರತೆಯಿಲ್ಲ.

ಕೊನೆಯದಾಗಿ ಮದುವೆ. ಬರೀ ಬಂಧುವಾಗಿದ್ದರೆ ಹಿಂದಿನ ಸಂಜೆಯ ಆರತಕ್ಷತೆ ಬಿಟ್ಟು, ಮೊದಲ ಪಂಕ್ತಿಯಲ್ಲಿ ಉಂಡು ಬನ್ನಿ ಎನ್ನುತ್ತಿದ್ದೆ. ನೀವು ಸೋದರಮಾವ, ವಧುವನ್ನು ಮಂಟಪಕ್ಕೆ ಕರೆತರಬೇಕಾದವರು. ಅದನ್ನು ತಪ್ಪಿಸಿಕೊಳ್ಳಲು ಮನಸ್ಸಿಲ್ಲ ಎಂದಿದ್ದೀರಿ, ತಪ್ಪಿಸಿಕೊಳ್ಳಬೇಡಿ. ತಂಗಿಗೆ ಎಲ್ಲವನ್ನೂ ಈಗಲೇ ಹೇಳಿ. ನೀವು ಮಂಟಪದಿಂದ ಇಳಿದು ಒಳಕೋಣೆ ಸೇರಲು ಸಮಯ ಸಿಗುವಂತೆ ಪುರೋಹಿತರಿಗೂ ವಾದ್ಯದವರಿಗೂ ಅವರೇ ತಿಳಿಸಲಿ. ಗಟ್ಟಿಮೇಳ ಮೊಳಗುವುದು ಮಾಂಗಲ್ಯಧಾರಣೆಗೆ, ಅದಕ್ಕೂ ನಿಮ್ಮ ಪಾತ್ರಕ್ಕೂ ನಡುವೆ ಬಿಡುವಿದೆ. ವಿಡಿಯೊದವರ ದೀಪ ನಿಮ್ಮ ಮುಖಕ್ಕೆ ಬೀಳದಂತೆ ಪಕ್ಕಕ್ಕೆ ತಿರುಗಿಸಲಿ. ಹತ್ತಿ ಶಬ್ದವನ್ನು ಅಷ್ಟಾಗಿ ತಡೆಯುವುದಿಲ್ಲವಾದ್ದರಿಂದ ಔಷಧದಂಗಡಿಯಲ್ಲಿ ಸಿಗುವ ಫೋಮಿನ ಇಯರ್‌ಪ್ಲಗ್ ಕೊಂಡು, ಮನೆಯಲ್ಲಿ ಹಾಕಿ ಅಭ್ಯಾಸ ಮಾಡಿಕೊಳ್ಳಿ; ಗದ್ದಲವಿಲ್ಲದ ಹೊತ್ತಿನಲ್ಲಿ ಅದು ಕಿವಿಯಲ್ಲಿರುವುದು ಬೇಡ, ಸದಾ ಮುಚ್ಚಿದ ಕಿವಿ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಹೊಸ ಪಂಚೆಯನ್ನು ಎರಡು ಮೂರು ಸಲ ಒಗೆಸಿ ಗಂಜಿ ಬಿಡಿಸಿ. ಹಿಂದಿನ ಸಂಜೆ ಛತ್ರ ಇನ್ನೂ ಖಾಲಿ ಇರುವಾಗಲೇ ಹೋಗಿ, ವಧುವಿನ ಕೋಣೆಯಿಂದ ಮಂಟಪಕ್ಕೆ, ಮಂಟಪದಿಂದ ಒಳಕೋಣೆಗೆ, ತಂಗಿಯ ಮಗಳನ್ನು ಜೊತೆಗೆ ಕರೆದುಕೊಂಡು ಒಮ್ಮೆ ನಡೆದು ನೋಡಿ.